ಕಾಡುಕೋಳಿಯ ಕೂಗು

ನಾರ್ವೆಯ ಸುತ್ತಲಿನ ಮಲೆಗಳಲ್ಲಿ ಹಿಂದೆ ಶಿಕಾರಿಯೆಂದರೆ ನಂಟರಿಷ್ಟರ ಕೂಟ. ಹಂದಿಬೇಟೆಗೆ ಕೋವಿ ಹಿಡಿದವರು ಬಿಲ್ಲಿಗೆ ಕೂರುವರು. ಉಳಿದವರು ಕೂಗುತ್ತ ಹಳು ಸೋವುವರು. ಬೇಟೆ ಬಿದ್ದರೆ ಎಲ್ಲರಿಗೂ ಪಾಲು. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಕೃತಿಯಲ್ಲಿ ಆ ಬೇಟೆಯ ಲೋಕ ಜೀವಂತವಾಗಿದೆ.

ವಸಂತದಲ್ಲಿ ಆಸೆ ಹುಟ್ಟಿಸುತ್ತಿದ್ದುದು ಕಾಡುಕೋಳಿ. ನಸುಕಿನಲ್ಲಿ ಕೂಗುವ ಹುಂಜ ತನ್ನ ನೆಲೆಯನ್ನು ತಾನೇ ಸಾರುತ್ತದೆ. ಆದರೆ ಅದು ಸಂತಾನಕಾಲವೂ ಹೌದು; ಕಾವು ಕೂತ ಹೇಂಟೆ ಸತ್ತರೆ ಮೊಟ್ಟೆಗಳೂ ಅಳಿದಂತೆಯೇ. ಅಮೆರಿಕದಲ್ಲಿ ವಸಂತದ ಟರ್ಕಿಕೋಳಿ ಬೇಟೆ ಸಾಮಾನ್ಯವಾಗಿ ಹುಂಜಗಳಿಗಷ್ಟೇ ಸೀಮಿತವಾಗಿರುವುದು ಇದಕ್ಕಾಗಿಯೇ.

ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು; 1991ರ ತಿದ್ದುಪಡಿ ಕಾಡುಕೋಳಿಯ ಬೇಟೆಯನ್ನು ನಿಲ್ಲಿಸಿತು. ಕೋವಿ ಗೋಡೆಗೇರಿದರೂ ಕೂಟಕ್ಕೇನು ಕೊರತೆ? ರಜೆಗೆ ಬಂದ ಮಕ್ಕಳನ್ನು ನಸುಕಿನಲ್ಲೆಬ್ಬಿಸಿ ಆ ಕೂಗನ್ನು ಕೇಳಿಸಿರಿ. ಈ ಪಾಲು ಎಷ್ಟು ಹಂಚಿದರೂ ಮುಗಿಯದು.