ಒಂದು ಆಮ್ಲಜನಕ ಪರಮಾಣುವಿನ ಅಂತರ

ಕಟ್ಸುಹಿರೊ ಓಟೊಮೊ ಬರೆದ ‘ಅಕಿರ’ ಓದಿದವರಿಗೆ ಟೆಟ್ಸುವೊ ಮರೆಯುವುದಿಲ್ಲ. 1982ರಿಂದ 1990ರವರೆಗೆ ಜಪಾನಿನ ‘ಯಂಗ್ ಮ್ಯಾಗಜೀನ್’ನಲ್ಲಿ ಧಾರಾವಾಹಿಯಾಗಿ ಬಂದ ಈ ಮಾಂಗಾ ಚಿತ್ರಕತೆಯಲ್ಲಿ, ಮೂರನೇ ಮಹಾಯುದ್ಧದ ನಂತರ ಎದ್ದ ನಿಯೊ ಟೋಕಿಯೊದ ಈ ಹುಡುಗನಿಗೆ ಮನಸ್ಸಿನಿಂದಲೇ ಗೋಡೆ ಸೀಳುವ ಶಕ್ತಿ ಬರುತ್ತದೆ. ಜೊತೆಗೇ ತಡೆಯಲಾರದ ತಲೆನೋವು. ಅದನ್ನು ಅದುಮಲು ಮಾತ್ರೆ, ಆ ಮಾತ್ರೆ ಸಾಲದೆ ಇನ್ನಷ್ಟು ಮಾತ್ರೆ. ಕಣ್ಣೆದುರಿನದು ನಿಜವೋ ಭ್ರಮೆಯೋ ಎಂಬುದೇ ಅವನಿಗೆ ತಿಳಿಯದಾಗುತ್ತದೆ. ಮಾತ್ರೆಯ ಕೈಗೆ ಸಿಕ್ಕ ತರುಣರನ್ನು ಜಪಾನ್ ಅದಕ್ಕೂ ಮೊದಲೇ ಬೀದಿಯಲ್ಲಿ ಕಂಡಿತ್ತು. ಅಲ್ಲಿನ ಆ ಮಾತ್ರೆಯ ಕತೆ ಶುರುವಾಗುವುದು ಉಬ್ಬಸ, ಕೆಮ್ಮಿಗೆ ಕೊಡುತ್ತಿದ್ದ ಒಂದು ಗಿಡದಿಂದ.

ಆ ಗಿಡದ ಬೆನ್ನು ಹತ್ತಿದ ನಾಗಾಯಿ ನಾಗಯೊಶಿ ಜಪಾನಿನ ತೊಕುಶಿಮಾದ ವೈದ್ಯರೊಬ್ಬರ ಮಗ. ಮೇಜಿ ಸರ್ಕಾರ 1871ರಲ್ಲಿ ಅವರನ್ನು ವೈದ್ಯ ಓದಲೆಂದು ಬರ್ಲಿನ್ನಿಗೆ ಕಳಿಸಿತು. ಅಲ್ಲಿ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್ ಅವರ ಪ್ರಯೋಗಾಲಯ ಸೇರಿದ ಮೇಲೆ ಮನಸ್ಸು ರಸಾಯನಶಾಸ್ತ್ರಕ್ಕೆ ತಿರುಗಿತು. 1884ರಲ್ಲಿ ಊರಿಗೆ ಮರಳಿದವರು ಚೀನಾದ ವೈದ್ಯರು ಶತಮಾನಗಳಿಂದ ಬಳಸುತ್ತ ಬಂದ ಮಾ ಹುವಾಂಗ್ ಗಿಡವನ್ನು ಕೈಗೆತ್ತಿಕೊಂಡರು. ಈ ಗಿಡಕ್ಕೆ ಎಲೆ ಇಲ್ಲವೆಂದೇ ಹೇಳಬೇಕು. ಗೆಣ್ಣು ಗೆಣ್ಣಾದ ತೆಳುವಾದ ಹಸಿರು ಕಡ್ಡಿಗಳು, ಕಟ್ಟಿಟ್ಟರೆ ಪೊರಕೆಯ ಹಾಗೆ. ಆ ಕಡ್ಡಿಗಳ ಗುಣ ಯಾವ ವಸ್ತುವಿನದು ಎಂಬುದೇ ಅವರ ಪ್ರಶ್ನೆ. 1885ರಲ್ಲಿ ಉತ್ತರ ಸಿಕ್ಕಿತು: ಎಫೆಡ್ರಿನ್.

ವಸ್ತು ಸಿಕ್ಕಿತು, ಆದರೆ ಅದರ ಮುಖ್ಯ ಉಪಯೋಗ ಮಾತ್ರ ಯಾರಿಗೂ ಹೊಳೆಯಲಿಲ್ಲ. ಮಿಯುರಾ ಕಿನ್ನೊಸುಕೆ ಎಂಬ ವೈದ್ಯರು ಅದನ್ನು ಪರೀಕ್ಷಿಸಿ 1887ರಲ್ಲಿ, ಕಣ್ಣಿನ ಪಾಪೆ ಹಿಗ್ಗಿಸಲು ಒಳ್ಳೆಯದು, ಹೆಚ್ಚಾದರೆ ವಿಷ ಎಂದರು. ಉಬ್ಬಸಕ್ಕೆಂದೇ ಹೆಸರಾದ ಗಿಡದ ಸತ್ವ ಹೀಗೆ ಕಣ್ಣಿನ ಔಷಧಿಯಾಗಿ ಮೂಲೆ ಸೇರಿದ್ದು ನನಗೆ ಈ ಕತೆಯ ಅತ್ಯಂತ ಬೇಸರದ ಭಾಗ. 1920ರ ದಶಕದಲ್ಲಿ ಪೀಕಿಂಗ್ ಯೂನಿಯನ್ ಮೆಡಿಕಲ್ ಕಾಲೇಜಿನ ಕೆ. ಕೆ. ಚೆನ್ ಮತ್ತು ಕಾರ್ಲ್ ಸ್ಮಿತ್ ಆ ಗಿಡದ ಕಷಾಯವನ್ನು ಅರಿವಳಿಕೆ ಕೊಟ್ಟ ನಾಯಿಯ ರಕ್ತನಾಳಕ್ಕೆ ಚುಚ್ಚಿದರು. ರಕ್ತದೊತ್ತಡ ಏರಿತು, ಇಳಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆಯೇ ಎಫೆಡ್ರಿನ್ ಜಗತ್ತಿನೆಲ್ಲೆಡೆ ಉಬ್ಬಸದ ಮಾತ್ರೆಯಾದದ್ದು.

ಇತ್ತ ನಾಗಾಯಿ 1893ರಲ್ಲೇ ಎಫೆಡ್ರಿನ್‌ನಿಂದ ಇನ್ನೊಂದು ವಸ್ತು ತಯಾರಿಸಿದ್ದರು. ಎಫೆಡ್ರಿನ್ ಅಣುವಿನಲ್ಲಿ 10 ಇಂಗಾಲ, 15 ಜಲಜನಕ, 1 ಸಾರಜನಕ, 1 ಆಮ್ಲಜನಕ ಪರಮಾಣುಗಳಿವೆ. ಆ ಒಂಟಿ ಆಮ್ಲಜನಕ ಹೋದರೆ ಉಳಿಯುವುದು ಮೆಥಾಂಫೆಟಮಿನ್. ಆಮ್ಲಜನಕ ಕಳೆದುಕೊಂಡ ಅಣು ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತದೆ, ಹಾಗಾಗಿ ರಕ್ತದಿಂದ ಮಿದುಳಿಗೆ ಬೇಗ ದಾಟುತ್ತದೆ. ಅಲ್ಲಿ ಡೋಪಮಿನ್ ಉಕ್ಕಿಸಿ ನಿದ್ದೆ, ಹಸಿವು ಎರಡನ್ನೂ ಓಡಿಸುತ್ತದೆ. ಬಹಳ ದಿನ ತೆಗೆದುಕೊಂಡವರಿಗೆ ಇಲ್ಲದ ದನಿ ಕೇಳುತ್ತದೆ, ಎಲ್ಲರೂ ತನ್ನ ಬೆನ್ನು ಹತ್ತಿದ್ದಾರೆ ಅನ್ನಿಸುತ್ತದೆ. 1919ರಲ್ಲಿ ಅಕಿರ ಒಗಾಟ ಅದನ್ನು ಹರಳಿನ ರೂಪಕ್ಕೆ ತಂದರು. ಮಾಂಗಾದ ಹೆಸರಿಗೂ ಇವರಿಗೂ ನಂಟಿಲ್ಲ.

1941ರಲ್ಲಿ ದೈನಿಪ್ಪೊನ್ ಔಷಧ ಕಂಪನಿ ಮೆಥಾಂಫೆಟಮಿನ್ ಅನ್ನು ಫಿಲೊಪಾನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಸೈನಿಕರು ನುಂಗಿದರು, ರಾತ್ರಿ ಪಾಳಿಯ ಕಾರ್ಮಿಕರು ನುಂಗಿದರು. ಯುದ್ಧ ಸೋತ ಮೇಲೆ ಉಳಿದ ದಾಸ್ತಾನು ಹಸಿದ ನಗರಗಳ ಬೀದಿಗೆ ಬಂತು. ಸರ್ಕಾರ ಕಠಿಣ ಕಾನೂನು ತಂದದ್ದು 1951ರಲ್ಲಿ. 1954ರಲ್ಲಿ, ಅಂದರೆ ಓಟೊಮೊ ಹುಟ್ಟಿದ ವರ್ಷದಲ್ಲಿ, ಆ ಕಾನೂನಿನಡಿ ಬಂಧಿತರಾದವರು 55,000ಕ್ಕೂ ಹೆಚ್ಚು.

ಇದನ್ನು ನಾಗಾಯಿ ಅವರ ತಲೆಗೆ ಕಟ್ಟುವುದು ತಪ್ಪು. ಅವರು 1929ರಲ್ಲೇ ತೀರಿಕೊಂಡಿದ್ದರು. ಹೊಣೆ ಹೊರಬೇಕಾದವರು ಯುದ್ಧಕ್ಕೆಂದು ಜನರ ನಿದ್ದೆ ಕಸಿದವರು, ಹತ್ತು ವರ್ಷ ಅದನ್ನು ತಡೆಯದೆ ಮಾರಲು ಬಿಟ್ಟವರು. ನಾಗಾಯಿ ಗಿಡದಿಂದ ಬೇರ್ಪಡಿಸಿದ ಎಫೆಡ್ರಿನ್ ಈಗಲೂ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದೆ; ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಕುಸಿಯುವ ರಕ್ತದೊತ್ತಡವನ್ನು ಎತ್ತಲು ವೈದ್ಯರು ಅದನ್ನು ಬಳಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಅದಕ್ಕೆ ಜಾಗವಿದೆ.