ಗಡಿ ದಾಟುವ ಲಾರಿಗೆ ವರ್ಷಕ್ಕೊಮ್ಮೆ ನೋಂದಣಿ

ಪ್ರಶ್ನೆ: ಅಮೆರಿಕದಲ್ಲಿ ಹಲವು ರಾಜ್ಯಗಳಲ್ಲಿ ಸರಕು ಸಾಗಿಸುವ ಲಾರಿ ಮಾಲೀಕರು ಪ್ರತಿವರ್ಷ ನೋಂದಣಿ ಮಾಡಿಸಬೇಕೇ?

ಉತ್ತರ: ಮಾಡಿಸಬೇಕು. 2005ರ ಕೇಂದ್ರ ಕಾಯ್ದೆಯಿಂದ ರೂಪುಗೊಂಡ ‘ಯೂನಿಫೈಡ್ ಕ್ಯಾರಿಯರ್ ರಿಜಿಸ್ಟ್ರೇಷನ್’, ಅಂದರೆ ಸಾಗಣೆದಾರರ ಏಕೀಕೃತ ನೋಂದಣಿಯ ಅಡಿಯಲ್ಲಿ, ರಾಜ್ಯದ ಗಡಿ ದಾಟಿ ವ್ಯವಹರಿಸುವ ಲಾರಿ ಸಂಸ್ಥೆಗಳಷ್ಟೇ ಅಲ್ಲದೆ ಸ್ವಂತ ವಾಹನವೇ ಇಲ್ಲದ ಸರಕು ದಲ್ಲಾಳಿಗಳೂ ಮುಂದಿನ ವರ್ಷದ ಶುಲ್ಕವನ್ನು ಡಿಸೆಂಬರ್ 31ರೊಳಗೆ ಕಟ್ಟಬೇಕಾಗುತ್ತದೆ. ವಾಹನಗಳ ಸಂಖ್ಯೆಯನ್ನು ಆಧರಿಸಿ ಶುಲ್ಕವನ್ನು ಆರು ಹಂತಗಳಲ್ಲಿ ನಿಗದಿಪಡಿಸಲಾಗಿದ್ದು, 6 ಲಾರಿಗಳ ಮಾಲೀಕನೂ 20 ಲಾರಿಗಳ ಮಾಲೀಕನೂ ಒಂದೇ ಮೊತ್ತ ತೆರುವುದರಿಂದ ಈ ಕ್ರಮ ಸರಳವಾದರೂ ಸಣ್ಣವರ ಪಾಲಿಗೆ ಅಷ್ಟು ನ್ಯಾಯವಾದುದಲ್ಲ. ಫ್ಲಾರಿಡಾದಂಥ ಕೆಲವು ರಾಜ್ಯಗಳು ಈ ನೋಂದಣಿಗಾಗಿ ರಾಜ್ಯಗಳ ನಡುವೆ ಇರುವ ಒಪ್ಪಂದದಲ್ಲಿ ಸೇರಿಲ್ಲವಾದರೂ, ಅಲ್ಲಿನ ಸಂಸ್ಥೆಗಳು ಹೊರರಾಜ್ಯಗಳಿಗೆ ಲಾರಿ ಓಡಿಸುವುದಾದರೆ ಒಪ್ಪಂದದಲ್ಲಿರುವ ಬೇರೊಂದು ರಾಜ್ಯದ ಮೂಲಕ ನೋಂದಾಯಿಸಿಕೊಳ್ಳಲೇಬೇಕು. ವಾಹನದ ನಂಬರ್ ಪ್ಲೇಟ್ ಮತ್ತು ಇಂಧನ ತೆರಿಗೆಯ ವ್ಯವಸ್ಥೆಗಳು ಇದರಿಂದ ಸಂಪೂರ್ಣ ಪ್ರತ್ಯೇಕ.