ಲಾವೋಸ್: ಅವಸರವಿಲ್ಲದ ನಾಡಿನಲ್ಲಿ ಅಗ್ಗದ ಸಂಚಾರ

ಲಾವೋಸ್ ದೇಶದ ಅಧಿಕೃತ ನಾಮಧೇಯದಲ್ಲಿರುವ ‘ಪಿಡಿಆರ್’ ಎಂಬ ಅಕ್ಷರಗಳನ್ನು ಪ್ರವಾಸಿಗರು ‘ಪ್ಲೀಸ್ ಡೋಂಟ್ ರಷ್’ ಎಂದು ವಿನೋದವಾಗಿ ಬಿಡಿಸಿ ಹೇಳುವುದುಂಟು. ಥಾಯ್ಲೆಂಡ್ ಗಡಿಯ ಹುವೈ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ನದಿಯಲ್ಲಿ ಸಾಗುವ ನಿಧಾನದ ದೋಣಿ ಏರಿದವರಿಗೆ ಇದರ ಅರ್ಥ ತಾನಾಗಿ ತಿಳಿಯುತ್ತದೆ. ಪ್ರಯಾಣ ಎರಡು ದಿನ. ನಡುವೆ ಪಾಕ್‌ಬೆಂಗ್ ಎಂಬ ಸಣ್ಣ ಊರಿನಲ್ಲಿ ರಾತ್ರಿ ತಂಗಬೇಕು. ‘ಬೋ ಪೆನ್ ಞಂಗ್’, ಅಂದರೆ ‘ಪರವಾಗಿಲ್ಲ ಬಿಡಿ’ ಎಂಬ ಮಾತು ಅಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ.

ವರ್ತಕನ ಕಣ್ಣು ಮೊದಲು ಹೋಗುವುದು ನಾಣ್ಯದ ಕಡೆಗೆ. 2021ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 9,300 ಕಿಪ್ ಇದ್ದ ವಿನಿಮಯ ದರವು 2024ರ ಮಧ್ಯಭಾಗದಲ್ಲಿ 21,000ವನ್ನು ದಾಟಿತು. ನೂರು ಡಾಲರ್ ಬದಲಿಸಿದವನ ಕೈಗೆ ಲಕ್ಷ ಕಿಪ್‌ನ ನೋಟುಗಳೇ ಇಪ್ಪತ್ತಕ್ಕೂ ಹೆಚ್ಚು ಬಂದವು. ಊಟ, ವಸತಿ, ವಾಹನ ಎಲ್ಲವೂ ಅಗ್ಗವೆಂದು ಪ್ರವಾಸಿಗನು ಹಿಗ್ಗುವುದು ಸಹಜ. ಆದರೆ ಅಗ್ಗವೆಂಬುದು ಯಾರದೋ ಪುಸ್ತಕದಲ್ಲಿ ನಷ್ಟದ ಕಲಮಿನಲ್ಲಿ ದಾಖಲಾಗಿರುತ್ತದೆ. 2023ರ ಫೆಬ್ರವರಿಯಲ್ಲಿ ಅಲ್ಲಿನ ಹಣದುಬ್ಬರವು ಶೇ. 41ನ್ನು ಮುಟ್ಟಿತ್ತು. ಡೀಸೆಲ್ ಹೊರಗಿನಿಂದಲೇ ಬರಬೇಕು. ಸಮುದ್ರ ತೀರವಿಲ್ಲದ, ಐದು ದೇಶಗಳ ನಡುವೆ ಸಿಕ್ಕಿರುವ ನಾಡು ಅದು. ಅಂಗಡಿಕಾರರು ಕಿಪ್ ಜೊತೆಗೆ ಥಾಯ್ ಬಾತ್ ಮತ್ತು ಡಾಲರನ್ನೂ ಸ್ವೀಕರಿಸುವುದಕ್ಕೆ ಔದಾರ್ಯವಲ್ಲ, ಎಚ್ಚರಿಕೆಯೇ ಕಾರಣ.

ಈ ನಿಧಾನದ ನಾಡಿಗೆ ವೇಗ ಬಂದದ್ದು 2021ರ ಡಿಸೆಂಬರ್ 3ರಂದು. ಚೀನಾ ಗಡಿಯ ಬೋಟೆನ್‌ನಿಂದ ರಾಜಧಾನಿ ವಿಯೆಂಟಿಯಾನ್‌ವರೆಗಿನ 414 ಕಿ.ಮೀ. ರೈಲುಮಾರ್ಗವು ಅಂದು ಆರಂಭವಾಯಿತು. ವೆಚ್ಚ ಸುಮಾರು 600 ಕೋಟಿ ಡಾಲರ್. ಜಂಟಿ ಕಂಪೆನಿಯಲ್ಲಿ ಲಾವೋಸ್ ಪಾಲು ಶೇ. 30. ವಿಯೆಂಟಿಯಾನ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಬೆಟ್ಟದ ರಸ್ತೆಯಲ್ಲಿ ಇಡೀ ಹಗಲು ಹಿಡಿಯುತ್ತಿದ್ದ ಪಯಣವು ಈಗ ಎರಡು ಗಂಟೆಗೆ ಇಳಿದಿದೆ. ಸರಕಿಗೂ ಸಂಚಾರಿಗೂ ಇದು ಲಾಭವೇ. ಆದರೆ ಬಸ್ಸುಗಳು ಊಟಕ್ಕೆ ನಿಲ್ಲುತ್ತಿದ್ದ ಕಾಸಿಯಂಥ ಊರಿನ ಹೋಟೆಲಿನವನ ಲೆಕ್ಕವೇ ಬೇರೆ. ರೈಲು ಊಟಕ್ಕೆಂದು ಎಲ್ಲಿಯೂ ತಂಗುವುದಿಲ್ಲ. 2022ರಲ್ಲಿ ದೇಶದ ಸಾರ್ವಜನಿಕ ಸಾಲವು ಒಟ್ಟು ಆಂತರಿಕ ಉತ್ಪನ್ನವನ್ನೇ ಮೀರಿತು. ಇದಕ್ಕೆ ರೈಲನ್ನೊಂದನ್ನೇ ದೂರುವುದು ನ್ಯಾಯವಲ್ಲ. ಜಲವಿದ್ಯುತ್ ಯೋಜನೆಗಳ ಸಾಲವೂ ದೊಡ್ಡದು.

1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಲುವಾಂಗ್ ಪ್ರಬಾಂಗ್‌ನಲ್ಲಿ ಸಂಜೆಯಾದೊಡನೆ ಮುಖ್ಯರಸ್ತೆಯಲ್ಲಿ ಸಂತೆ ನೆರೆಯುತ್ತದೆ. ರೇಷ್ಮೆ ಮತ್ತು ಹತ್ತಿಯ ಕೈಮಗ್ಗದ ವಸ್ತ್ರಗಳನ್ನು ಹೆಂಗಸರು ನೆಲದ ಮೇಲೆ ಹರಡಿ ಕೂರುತ್ತಾರೆ. ಕೂಗಿ ಕರೆಯುವವರಿಲ್ಲ, ಸೆರಗು ಹಿಡಿದು ಎಳೆಯುವವರಿಲ್ಲ. ಮೊದಲ ಗಿರಾಕಿಯಿಂದ ಬಂದ ನೋಟನ್ನು ಉಳಿದ ಸರಕಿಗೆಲ್ಲ ಮುಟ್ಟಿಸುವ ರೂಢಿಯೊಂದುಂಟು. ನಮ್ಮ ಬೋಣಿಯೇ ಅದು. ಬೋಣಿಯ ಗಿರಾಕಿಗೆ ದರ ಕೊಂಚ ಸಡಿಲ. ಅದರ ಮೇಲೆಯೂ ಅರ್ಧಕ್ಕೆ ಕೇಳುವವನು, ಹೊರದೇಶದಿಂದ ಬರುವ ನೂಲು ಮತ್ತು ಬಣ್ಣಕ್ಕೆ ಬಾತ್‌ನಲ್ಲೋ ಡಾಲರಿನಲ್ಲೋ ಹಣ ತೆತ್ತ ನೇಕಾರಳ ಬಂಡವಾಳಕ್ಕೇ ಕೈ ಹಾಕಿರುತ್ತಾನೆ.

ಕಿಪ್ ಗಡಿಯಾಚೆ ಬದಲಾಗುವುದು ದುಸ್ತರ. ಆದುದರಿಂದ ಡಾಲರನ್ನು ಬೇಕಾದಷ್ಟೇ ಮುರಿಸುವುದು ಲೇಸು. ಕೊನೆಯ ದಿನ ಕಿಸೆಯಲ್ಲಿ ಕಟ್ಟು ಉಳಿದಿದ್ದರೆ ಈ ಸಂತೆ ಇದ್ದೇ ಇದೆ. ಅಂದು ಚೌಕಾಶಿಯ ಅಗತ್ಯ ಬೀಳುವುದಿಲ್ಲ.